ಟ್ರಾವೆಲ್ ಟ್ರೈಲರ್‌ನಲ್ಲಿ ಬ್ಯಾಟರಿ ಎಲ್ಲಿಡಬೇಕು, ವೈರಿಂಗ್ ಹೇಗೆ ಮಾಡಬೇಕು

ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಚಕ್ರದ ಮನೆಗೆ ಟ್ರಾವೆಲ್ ಟ್ರೈಲರ್ ಅನ್ನುತ್ತೇವೆ. ಇಂಥದ್ದನ್ನು ಕೊಂಡವರು, ಸ್ವತಃ ಕಟ್ಟುತ್ತಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಬ್ಯಾಟರಿ ತಂದಾಯಿತು, ಈಗ ಎಲ್ಲಿ ಕೂರಿಸಲಿ?” ಅಷ್ಟು ಹೊತ್ತಿಗೆ ಅರ್ಧ ತಪ್ಪು ಆಗಿಹೋಗಿರುತ್ತದೆ. ಬ್ಯಾಟರಿ ಕೂರುವ ಜಾಗವೇ ತಂತಿ ಎಷ್ಟು ದಪ್ಪ ಬೇಕು, ಇನ್ವರ್ಟರ್ ಎಲ್ಲಿರಬೇಕು, ಗಾಳಿಕಿಂಡಿ ಬೇಕೋ ಬೇಡವೋ, ಗಾಡಿ ರಸ್ತೆಯಲ್ಲಿ ನೆಟ್ಟಗೆ ಓಡುತ್ತದೋ ಇಲ್ಲವೋ ಎಂಬುದನ್ನೆಲ್ಲ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ಕಾಗದದ ಮೇಲೆ ಲೆಕ್ಕ, ಆಮೇಲೆ ಜಾಗ, ಕೊನೆಗೆ ಖರೀದಿ.

ಇಲ್ಲಿ ಹೇಳುವುದು 12 ವೋಲ್ಟ್ ವ್ಯವಸ್ಥೆಯ ಬಗ್ಗೆ. ಹೆಚ್ಚಿನ ಟ್ರೈಲರ್‌ಗಳಲ್ಲಿ ಇರುವುದು ಅದೇ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬೆಂಕಿ ಹಚ್ಚುತ್ತದೆ. ಪ್ಲಸ್ಸು ಮೈನಸ್ಸು ನೇರವಾಗಿ ತಾಗಿದರೆ ಬ್ಯಾಟರಿಯಿಂದ ಸಾವಿರಾರು ಆಂಪಿಯರ್ ಹರಿಯಬಹುದು. ಸ್ಪ್ಯಾನರ್ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸಕ್ಕೆ ಕೂರುವ ಮೊದಲು ಉಂಗುರ, ಬಳೆ, ಲೋಹದ ಗಡಿಯಾರ ಬಿಚ್ಚಿಡಿ.

ಕೈಯಲ್ಲಿರಬೇಕಾದ ಸಲಕರಣೆ: ಮಲ್ಟಿಮೀಟರ್, ಡಿಸಿ (ಬ್ಯಾಟರಿ ಕೊಡುವ, ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್, ದಪ್ಪ ಲಗ್ (ತಂತಿಯ ತುದಿಗೆ ಹಾಕುವ, ಬೋಲ್ಟಿಗೆ ಕೂರುವ ಲೋಹದ ಕೊಂಡಿ) ಒತ್ತುವ ಕ್ರಿಂಪಿಂಗ್ ಉಪಕರಣ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ, ಹಿಡಿಗೆ ಇನ್ಸುಲೇಷನ್ ಇರುವ ಸ್ಪ್ಯಾನರ್‌ಗಳು, ಅಳತೆ ಟೇಪು. ಜೊತೆಗೆ ದೊಡ್ಡದೊಂದು ಹಾಳೆ ಮತ್ತು ಪೆನ್ಸಿಲ್. ಇದನ್ನು ಬಿಟ್ಟವರೇ ಹೆಚ್ಚು ಕಷ್ಟಪಡುವುದು.

1. ದಿನದ ಖರ್ಚು ಬರೆಯಿರಿ

ಬ್ಯಾಟರಿಯ ಸಾಮರ್ಥ್ಯವನ್ನು ಆಂಪಿಯರ್-ಗಂಟೆಯಲ್ಲಿ ಹೇಳುತ್ತಾರೆ. 1 ಆಂಪಿಯರ್ ಎಳೆಯುವ ಸಾಧನ 1 ಗಂಟೆ ಓಡಿದರೆ 1 ಆಂಪಿಯರ್-ಗಂಟೆ. ಸಾಧನದ ಮೇಲೆ ವ್ಯಾಟ್ ಮಾತ್ರ ಬರೆದಿದ್ದರೆ ಅದನ್ನು 12ರಿಂದ ಭಾಗಿಸಿ, ಆಂಪಿಯರ್ ಸಿಗುತ್ತದೆ.

ಒಂದು ಉದಾಹರಣೆ. ಕಂಪ್ರೆಸರ್ ಫ್ರಿಜ್ ಓಡುವಾಗ 4 ಆಂಪಿಯರ್ ಎಳೆಯುತ್ತದೆ, ಆದರೆ ಬಿಟ್ಟು ಬಿಟ್ಟು ಓಡುವುದರಿಂದ ದಿನಕ್ಕೆ ಸುಮಾರು 10 ಗಂಟೆ ಅಂದುಕೊಳ್ಳೋಣ: 40. ಮೂರು ವ್ಯಾಟ್‌ನ ಆರು ಎಲ್‌ಇಡಿ ದೀಪ 4 ಗಂಟೆ: 6. ರಾತ್ರಿಯಿಡೀ ಫ್ಯಾನು, 2 ಆಂಪಿಯರ್ 8 ಗಂಟೆ: 16. ನೀರಿನ ಪಂಪು 6 ಆಂಪಿಯರ್ ಎಳೆದರೂ ಒಟ್ಟು 20 ನಿಮಿಷ ಓಡೀತು: 2. ಫೋನು, ಲ್ಯಾಪ್‌ಟಾಪ್: 13. ಸದಾ ಎಚ್ಚರವಿರುವ ಗ್ಯಾಸ್ ಡಿಟೆಕ್ಟರ್ ಮುಂತಾದವು: 7. ಒಟ್ಟು 84 ಆಂಪಿಯರ್-ಗಂಟೆ. ಬಿಸಿಲಿಲ್ಲದ ದಿನ ಎಣಿಸಿ ಎರಡು ದಿನಕ್ಕೆಂದರೆ 168.

ಇಲ್ಲಿ ಎಡವುವುದು ಎರಡು ಕಡೆ. ದೊಡ್ಡ ಸಾಧನವನ್ನು ನೋಡಿ ಹೆದರುತ್ತೇವೆ, ಚಿಕ್ಕದಾದರೂ 24 ಗಂಟೆಯೂ ಓಡುವುದನ್ನು ಮರೆಯುತ್ತೇವೆ. ಇನ್ನೊಂದು ಇನ್ವರ್ಟರ್. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಈ ಪೆಟ್ಟಿಗೆ ಏನನ್ನೂ ಓಡಿಸದಿದ್ದಾಗಲೂ ಸ್ವಲ್ಪ ತಿನ್ನುತ್ತಲೇ ಇರುತ್ತದೆ.

2. ಬ್ಯಾಟರಿಯ ಜಾತಿ ಆರಿಸಿ

ಮೂರು ಬಗೆ ಗೊತ್ತಿದ್ದರೆ ಸಾಕು.

ನೀರು ಹಾಕುವ ಲೆಡ್-ಆಸಿಡ್: ಬೆಲೆ ಕಡಿಮೆ, ತೂಕ ಹೆಚ್ಚು. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಆಯುಷ್ಯ ಬೇಗ ಮುಗಿಯುತ್ತದೆ.

ಎಜಿಎಂ: ಇದೂ ಲೆಡ್-ಆಸಿಡ್ಡೇ. ಆಸಿಡ್ಡನ್ನು ಗಾಜಿನ ಎಳೆಯ ಹಾಸಿನಲ್ಲಿ ಹೀರಿಸಿ ಮುಚ್ಚಿರುತ್ತಾರೆ. ನೀರು ಹಾಕುವ ಗೋಜಿಲ್ಲ, ಆದರೂ ಅತಿಯಾಗಿ ಚಾರ್ಜ್ ಆದರೆ ಕವಾಟ ತೆರೆದು ಅನಿಲ ಹೊರಬರುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್: ಹಗುರ, ಶೇ. 80ರಷ್ಟು ನಿರಾತಂಕವಾಗಿ ಬಳಸಬಹುದು. ಒಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಹೆಚ್ಚು ಚಾರ್ಜ್, ಕಡಿಮೆ ಚಾರ್ಜ್, ಅತಿ ಕರೆಂಟ್ ಆದರೆ ಅದು ಸಂಪರ್ಕ ಕಡಿದುಬಿಡುತ್ತದೆ. ಒಂದು ಕಟ್ಟುನಿಟ್ಟು: 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮಾಡಿದರೆ ಒಳಗೆ ಲೋಹರೂಪದ ಲಿಥಿಯಂ ಕಟ್ಟಿಕೊಂಡು ಸೆಲ್ ಶಾಶ್ವತವಾಗಿ ಕೆಡುತ್ತದೆ.

ಮೇಲಿನ 168 ಆಂಪಿಯರ್-ಗಂಟೆಗೆ ಲೆಡ್-ಆಸಿಡ್ ಆದರೆ 336 ಸಾಮರ್ಥ್ಯ ಬೇಕು, ತೂಕ ಸರಿಸುಮಾರು 100 ಕಿಲೊ. ಲಿಥಿಯಂ ಆದರೆ 210 ಸಾಕು, ತೂಕ 25 ಕಿಲೊ ಆಸುಪಾಸು. ಈ 75 ಕಿಲೊ ವ್ಯತ್ಯಾಸವೇ ಮುಂದಿನ ಹಂತದ ತಿರುಳು.

3. ಜಾಗ ಗೊತ್ತುಮಾಡಿ

ಈ ಹಂತಕ್ಕೆ ಒಂದಿಡೀ ದಿನ ಕೊಡಿ. ಉಳಿದದ್ದನ್ನು ಮುಂದೆ ಬದಲಿಸಬಹುದು, ಇದನ್ನು ಬದಲಿಸುವುದು ಕಷ್ಟ.

ಮೊದಲು ತೂಕ. ಟ್ರೈಲರ್ ತನ್ನ ಭಾರದ ಒಂದು ಪಾಲನ್ನು ಎಳೆಯುವ ಕಾರಿನ ಕೊಂಡಿಯ ಮೇಲೆ ಊರಿರುತ್ತದೆ. ಇದನ್ನು ಕೊಂಡಿಯ ಭಾರ ಅನ್ನೋಣ. ಉತ್ತರ ಅಮೆರಿಕದ ಟ್ರೈಲರ್‌ಗಳಲ್ಲಿ ಇದು ಒಟ್ಟು ತೂಕದ ಶೇ. 10ರಿಂದ 15 ಇರಬೇಕೆಂಬುದು ರೂಢಿಯ ನಿಯಮ. ಯುರೋಪಿನ ಕ್ಯಾರವಾನ್‌ಗಳಲ್ಲಿ ಕಡಿಮೆ. ನಿಮ್ಮ ಟ್ರೈಲರ್‌ಗೂ ಕಾರಿಗೂ ತಯಾರಕರು ಕೊಟ್ಟ ಮಿತಿಯೇ ಅಂತಿಮ. ಈ ಭಾರ ತೀರಾ ಕಡಿಮೆಯಾಗಿ ಬಾಲ ಭಾರವಾದರೆ ವೇಗದಲ್ಲಿ ಟ್ರೈಲರ್ ಹಾವಿನಂತೆ ಹೊಯ್ದಾಡತೊಡಗುತ್ತದೆ. ಒಮ್ಮೆ ಶುರುವಾದರೆ ಹತೋಟಿಗೆ ತರುವುದು ಬಲು ಕಷ್ಟ, ಗಾಡಿಗಳು ಮಗುಚುವುದು ಹೀಗೆಯೇ.

ಲೆಕ್ಕ ಸರಳ. ಸೇರಿಸುವ ತೂಕವನ್ನು ಚಕ್ರದ ಅಚ್ಚಿನಿಂದ ಅದಿರುವ ದೂರದಿಂದ ಗುಣಿಸಿ, ಅಚ್ಚಿನಿಂದ ಕೊಂಡಿಗಿರುವ ದೂರದಿಂದ ಭಾಗಿಸಿ. ಅಚ್ಚಿನ ಮುಂದೆ ಇದ್ದರೆ ಕೊಂಡಿಯ ಭಾರಕ್ಕೆ ಅಷ್ಟು ಕೂಡುತ್ತದೆ, ಹಿಂದೆ ಇದ್ದರೆ ಅಷ್ಟು ಕಳೆಯುತ್ತದೆ. ಅಚ್ಚಿನಿಂದ ಕೊಂಡಿಗೆ 4 ಮೀಟರ್ ಇರುವ, 1500 ಕಿಲೊ ತೂಗುವ ಟ್ರೈಲರ್ ತೆಗೆದುಕೊಳ್ಳಿ. ಕೊಂಡಿಯ ಭಾರ 180 ಕಿಲೊ, ಅಂದರೆ ಶೇ. 12. ಇದರ ಹಿಂಬದಿಯಲ್ಲಿ, ಅಚ್ಚಿನಿಂದ 2 ಮೀಟರ್ ಹಿಂದೆ 100 ಕಿಲೊ ಲೆಡ್-ಆಸಿಡ್ ಇಟ್ಟರೆ 50 ಕಿಲೊ ಕಡಿಮೆಯಾಗಿ 130 ಉಳಿಯುತ್ತದೆ. ಒಟ್ಟು ತೂಕ ಈಗ 1600. ಶೇ. 8ಕ್ಕೆ ಇಳಿಯಿತು, ಅಪಾಯದ ಗೆರೆ ದಾಟಿತು. ಅದೇ 100 ಕಿಲೊವನ್ನು ಮುಂದಿನ ತ್ರಿಕೋನ ಚೌಕಟ್ಟಿನ ಮೇಲೆ, ಅಚ್ಚಿನಿಂದ 3.5 ಮೀಟರ್ ಮುಂದೆ ಇಟ್ಟರೆ 87.5 ಕಿಲೊ ಕೂಡಿ, ಕಾರಿನ ಕೊಂಡಿ ತಡೆಯಬಲ್ಲ ಮಿತಿಯನ್ನೇ ಮೀರಬಹುದು. ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಇಟ್ಟರೆ ಕೂಡುವುದು 12.5 ಕಿಲೊ ಮಾತ್ರ.

ಹಾಗಾಗಿ ನನ್ನ ಆಯ್ಕೆ ಯಾವಾಗಲೂ ಅಚ್ಚಿನ ಹತ್ತಿರ, ತುಸು ಮುಂದೆ, ಸಾಧ್ಯವಾದಷ್ಟು ನೆಲಕ್ಕೆ ಸಮೀಪ. ಮಂಚದ ಅಥವಾ ಬೆಂಚಿನ ಕೆಳಗಿನ ಡಬ್ಬಿಜಾಗ ಬಹಳ ಟ್ರೈಲರ್‌ಗಳಲ್ಲಿ ಅಲ್ಲೇ ಸಿಗುತ್ತದೆ. ಎಡಬಲವನ್ನೂ ನೋಡಿ: ಒಂದು ಬದಿಯಲ್ಲಿ ನೀರಿನ ಟ್ಯಾಂಕ್ ಇದ್ದರೆ ಬ್ಯಾಟರಿ ಇನ್ನೊಂದು ಬದಿಗೆ.

ಎರಡನೆಯದು ಗಾಳಿ. ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನೀರು ಹಾಕುವ ಬ್ಯಾಟರಿಯನ್ನು ಜನ ಮಲಗುವ ಜಾಗದೊಳಗೆ ತೆರೆದು ಇಡಲೇಬಾರದು. ಹೊರಗಿನ ಪೆಟ್ಟಿಗೆ, ಇಲ್ಲವೇ ಒಳಭಾಗಕ್ಕೆ ಪೂರ್ತಿ ಮುಚ್ಚಿದ, ಹೊರಕ್ಕೆ ಗಾಳಿಕಿಂಡಿ ಇರುವ ಪೆಟ್ಟಿಗೆ ಬೇಕು. ಹೈಡ್ರೋಜನ್ ಹಗುರವಾಗಿ ಮೇಲೇರುವುದರಿಂದ ಹೊರಹೋಗುವ ಕಿಂಡಿ ಮೇಲ್ಭಾಗದಲ್ಲಿ, ಗಾಳಿ ಒಳಬರುವ ಕಿಂಡಿ ಕೆಳಭಾಗದಲ್ಲಿ ಇರಲಿ. ಆ ಪೆಟ್ಟಿಗೆಯೊಳಗೆ ಫ್ಯೂಸ್, ಸ್ವಿಚ್, ಇನ್ವರ್ಟರ್ ಯಾವುದನ್ನೂ ಇಡಬೇಡಿ, ಇವೆಲ್ಲ ಕಿಡಿ ಹಾರಿಸಬಲ್ಲವು. ಅಡುಗೆ ಗ್ಯಾಸ್ ಸಿಲಿಂಡರ್ ಇರುವ ಗೂಡಿನಲ್ಲಂತೂ ಬ್ಯಾಟರಿಗೆ ಜಾಗವೇ ಇಲ್ಲ.

ಮೂರನೆಯದು ಚಳಿ-ಸೆಕೆ. ಲಿಥಿಯಂ ಆದರೆ ಮನೆಯೊಳಗೇ ಇರಲಿ, ನಿಮಗೆ ಹಿತವಾದ ಉಷ್ಣತೆ ಅದಕ್ಕೂ ಹಿತ. ಹೊರಗಿನ ಚೌಕಟ್ಟಿನಲ್ಲಿದ್ದ ಹಳೆಯ ಲೆಡ್-ಆಸಿಡ್ ತೆಗೆದು ಅದೇ ಪೆಟ್ಟಿಗೆಗೆ ಲಿಥಿಯಂ ಹಾಕುವವರು ಹಿಮ ಬೀಳುವ ರಾತ್ರಿಗಳನ್ನು ಮರೆತಿರುತ್ತಾರೆ. ಹಾಗೆಯೇ ಹೀಟರ್ ಪಕ್ಕ, ಫ್ರಿಜ್ಜಿನ ಬೆನ್ನ ಹಿಂದೆ ಬೇಡ.

ಕೊನೆಯದಾಗಿ ಬಿಗಿತ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸಡಿಲ ಬ್ಯಾಟರಿ ಕಲ್ಲಿನಂತೆ ಮುಂದಕ್ಕೆ ನುಗ್ಗುತ್ತದೆ. ಬರೀ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದರೆ ಸಾಲದು, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿದ ತಟ್ಟೆ ಮತ್ತು ಪಟ್ಟಿ ಬೇಕು.

4. ನಕ್ಷೆ ಬರೆಯಿರಿ

ಟ್ರೈಲರ್‌ನ ನೆಲದ ಆಕಾರ ಬಿಡಿಸಿ ಬ್ಯಾಟರಿ, ಇನ್ವರ್ಟರ್, ಫ್ಯೂಸ್ ಪೆಟ್ಟಿಗೆ, ಫ್ರಿಜ್, ಪಂಪು, ದೀಪ ಎಲ್ಲವನ್ನೂ ಗುರುತಿಸಿ. ತಂತಿ ಹೋಗುವ ದಾರಿಯನ್ನೇ ಟೇಪಿನಿಂದ ಅಳೆಯಿರಿ. ಗೋಡೆಯಿಂದ ಗೋಡೆಗೆ 3 ಮೀಟರ್ ಇರುವ ಕಡೆ ಮೂಲೆ ಸುತ್ತಿ, ಕಪಾಟು ಹತ್ತಿ ಹೋಗುವ ತಂತಿ 5 ಮೀಟರ್ ಆಗುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ಮೊದಲು ಮುಖ್ಯ ಫ್ಯೂಸ್, ನಂತರ ಮುಖ್ಯ ಸ್ವಿಚ್, ನಂತರ ಪ್ಲಸ್ ಬಸ್‌ಬಾರ್. ಬಸ್‌ಬಾರ್ ಅಂದರೆ ಹಲವು ತಂತಿಗಳನ್ನು ಒಂದೆಡೆ ಕೂಡಿಸುವ ದಪ್ಪ ತಾಮ್ರದ ಪಟ್ಟಿ. ಅಲ್ಲಿಂದ ಒಂದು ಕವಲು ಇನ್ವರ್ಟರ್‌ಗೆ, ಒಂದು ಸಣ್ಣ ಫ್ಯೂಸ್‌ಗಳ ಪೆಟ್ಟಿಗೆಗೆ, ಉಳಿದವು ಚಾರ್ಜರ್‌ಗಳಿಗೆ, ಪ್ರತಿ ಕವಲಿಗೂ ಅದರದೇ ಫ್ಯೂಸ್. ಮೈನಸ್ ಕಡೆ ಬ್ಯಾಟರಿಯಿಂದ ಶಂಟ್, ಅಲ್ಲಿಂದ ಮೈನಸ್ ಬಸ್‌ಬಾರ್. ಶಂಟ್ ಎಂಬುದು ಬ್ಯಾಟರಿಗೆ ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಎಂದು ಎಣಿಸುವ ಸಾಧನ. ಒಂದೇ ಒಂದು ಮೈನಸ್ ತಂತಿ ಶಂಟ್ ತಪ್ಪಿಸಿ ನೇರ ಬ್ಯಾಟರಿಗೆ ಹೋದರೂ ಮೀಟರ್ ತೋರಿಸುವ ಶೇಕಡ ಸುಳ್ಳಾಗುತ್ತದೆ.

ಟ್ರೈಲರ್‌ನ ಕಬ್ಬಿಣದ ಚೌಕಟ್ಟನ್ನೇ ಮೈನಸ್ ತಂತಿಯಾಗಿ ಬಳಸುವ ಹಳೆಯ ಪದ್ಧತಿ ಇದೆ. ತುಕ್ಕು ಹಿಡಿದ ಒಂದು ಬೋಲ್ಟು ಸಾಕು, ದೀಪ ಮಿಣುಕತೊಡಗುತ್ತದೆ, ಕಾರಣ ಹುಡುಕಲು ವಾರ ಹಿಡಿಯುತ್ತದೆ. ಪ್ರತಿ ಸಾಧನಕ್ಕೂ ಮೈನಸ್ ತಂತಿ ಬೇರೆಯೇ ಎಳೆಯಿರಿ.

ಎರಡು ಬ್ಯಾಟರಿಯನ್ನು ಸಮಾನಾಂತರವಾಗಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸುವುದಾದರೆ, ಹೊರಹೋಗುವ ಪ್ಲಸ್ಸನ್ನು ಮೊದಲ ಬ್ಯಾಟರಿಯಿಂದಲೂ ಮೈನಸ್ಸನ್ನು ಎರಡನೆಯದರಿಂದಲೂ ತೆಗೆಯಿರಿ. ಎರಡನ್ನೂ ಒಂದರಿಂದಲೇ ತೆಗೆದರೆ ಅದೊಂದೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. ಹಳೆಯದು-ಹೊಸದು, ಬೇರೆ ಬೇರೆ ಜಾತಿ ಬೆರೆಸಬೇಡಿ.

5. ತಂತಿಯ ದಪ್ಪ ಲೆಕ್ಕಹಾಕಿ

ತಂತಿ ತೆಳುವಾದಷ್ಟು, ಉದ್ದವಾದಷ್ಟು ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಮನೆಯ ಕರೆಂಟಿನಲ್ಲಿ ಅರ್ಧ ವೋಲ್ಟ್ ಲೆಕ್ಕಕ್ಕಿಲ್ಲ. 12 ವೋಲ್ಟಿನಲ್ಲಿ ಅದು ಶೇ. 4. ಶೇ. 3, ಅಂದರೆ 0.36 ವೋಲ್ಟ್ ಒಳಗಿರಲಿ.

ಸೂತ್ರ: 2 × ಉದ್ದ (ಮೀಟರ್) × ಕರೆಂಟ್ (ಆಂಪಿಯರ್) × 0.0175 ÷ ತಂತಿಯ ಅಡ್ಡಕೊಯ್ತ (ಚದರ ಮಿ.ಮೀ.). ಹೋಗುವುದು ಬರುವುದು ಎರಡೂ ಸೇರಿದ್ದರಿಂದ 2. ಇದನ್ನು ಮರೆತು ಅರ್ಧ ಉತ್ತರ ಪಡೆಯುವವರು ಬಹಳ.

6 ಮೀಟರ್ ದೂರದ ಫ್ರಿಜ್ 5 ಆಂಪಿಯರ್ ಎಳೆಯುತ್ತದೆ ಎನ್ನಿ. 2.5 ಚದರ ಮಿ.ಮೀ. ತಂತಿಯಲ್ಲಿ 0.42 ವೋಲ್ಟ್ ಹೋಗುತ್ತದೆ, ಹೆಚ್ಚಾಯಿತು. 4 ಚದರ ಮಿ.ಮೀ. ಹಾಕಿದರೆ 0.26, ಸರಿಹೋಯಿತು. “ಬ್ಯಾಟರಿ ಅರ್ಧ ತುಂಬಿದ್ದರೂ ರಾತ್ರಿ ಫ್ರಿಜ್ ನಿಂತುಬಿಡುತ್ತದೆ” ಎಂಬ ದೂರಿನ ಮೂಲ ಹಲವು ಸಲ ಇದೇ. ಫ್ರಿಜ್ಜಿನ ಬಳಿ ವೋಲ್ಟೇಜ್ ಇಳಿದದ್ದನ್ನು ಕಂಡು ಅದು ಬ್ಯಾಟರಿ ಖಾಲಿಯಾಯಿತೆಂದು ತಿಳಿಯುತ್ತದೆ.

ಇನ್ವರ್ಟರ್‌ಗೆ ಇದೇ ಸೂತ್ರ ಹಾಕಿದಾಗ ಕಣ್ಣು ತೆರೆಯುತ್ತದೆ. 1000 ವ್ಯಾಟ್ ಕೊಡುವ ಇನ್ವರ್ಟರ್ ತನ್ನ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 93 ಆಂಪಿಯರ್ ಎಳೆಯುತ್ತದೆ. 35 ಚದರ ಮಿ.ಮೀ. ತಂತಿಯಲ್ಲಿ 1 ಮೀಟರ್‌ಗೆ ಹೋಗುವುದು 0.09 ವೋಲ್ಟ್. ಇನ್ವರ್ಟರ್ 5 ಮೀಟರ್ ದೂರವಿದ್ದರೆ 0.47 ವೋಲ್ಟ್. ಅಷ್ಟು ದೂರದಲ್ಲೂ ಮೊದಲಿನಷ್ಟೇ ನಷ್ಟ ಬೇಕೆಂದರೆ ತಂತಿ ಐದು ಪಟ್ಟು ದಪ್ಪವಾಗಬೇಕು, ಅಂಥದ್ದನ್ನು ಟ್ರೈಲರ್‌ನಲ್ಲಿ ಬಗ್ಗಿಸಲೂ ಆಗದು. ಅದೇ 1000 ವ್ಯಾಟ್ 230 ವೋಲ್ಟಿನಲ್ಲಿ ಬರೀ 4.3 ಆಂಪಿಯರ್. ಆದ್ದರಿಂದ ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲಿರಲಿ, ದೂರ ಹೋಗಬೇಕಾದ್ದು ಅದರಾಚೆಯ ತಂತಿ. ಇನ್ವರ್ಟರ್ ಬಿಸಿಯಾಗುವುದರಿಂದ ಸುತ್ತ ಗಾಳಿಯಾಡಲು ಜಾಗ ಬಿಡಿ.

ತಂತಿ ನುಣ್ಣನೆಯ ಹಲವು ಎಳೆಗಳದ್ದೇ ಆಗಬೇಕು. ಮನೆಯ ಗೋಡೆಯೊಳಗೆ ಹಾಕುವ ಒಂಟಿ ಗಟ್ಟಿ ತಂತಿ ಪ್ರಯಾಣದ ಅದುರಾಟಕ್ಕೆ ಮುರಿಯುತ್ತದೆ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ಮಾರಾಟಕ್ಕಿದೆ. ತೂಕ ಹಗುರವಾಗಿದ್ದರೆ, ಕತ್ತರಿಸಿದ ತುದಿಯಲ್ಲಿ ಎಳೆಯ ಒಡಲು ಬೆಳ್ಳಗೆ ಕಂಡರೆ ವಾಪಸು ಕೊಡಿ.

6. ಫ್ಯೂಸ್ ಮತ್ತು ಸ್ವಿಚ್

ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು. ಸಾಧನದ ಸತತ ಕರೆಂಟಿಗಿಂತ ಸುಮಾರು ಕಾಲುಭಾಗ ಹೆಚ್ಚು, ತಂತಿ ತಡೆಯುವ ಕರೆಂಟಿಗಿಂತ ಕಡಿಮೆ: ಈ ನಡುವಿನ ಅಳತೆ ಆರಿಸಿ. ಮೇಲಿನ 93 ಆಂಪಿಯರ್‌ಗೆ 125ರ ಫ್ಯೂಸ್ ಸರಿಹೊಂದುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆಂದು ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ತಂತಿ.

ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ. ಅನಿಲ ಬಿಡುವ ಬ್ಯಾಟರಿಯಾದರೆ ಪೆಟ್ಟಿಗೆಯ ಗೋಡೆಯ ಆಚೆ ಮಗ್ಗುಲಿಗೇ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ, ಅದನ್ನು ಕೊಳವೆಯೊಳಗೆ ಹಾಯಿಸಿ. ಲಿಥಿಯಂಗೆ ಕ್ಲಾಸ್ ಟಿ ಫ್ಯೂಸ್ ಹಾಕಿ. ಶಾರ್ಟ್ ಆದಾಗಿನ ಕರೆಂಟ್ ಅಷ್ಟು ದೊಡ್ಡದಾದ್ದರಿಂದ ಸಾಮಾನ್ಯ ಫ್ಯೂಸ್ ಕರಗಿದ ಮೇಲೂ ಕಿಡಿಯ ಸೇತುವೆ ಉಳಿದು ಕರೆಂಟ್ ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ 20,000 ಆಂಪಿಯರನ್ನೂ ಕಡಿಯಬಲ್ಲದು.

ಸ್ವಿಚ್, ಬ್ರೇಕರ್ ಕೊಳ್ಳುವಾಗ ಡಿಸಿ ಎಂದು ಬರೆದಿದೆಯೇ ನೋಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಹಾಗಾಗದು, ಎಸಿ ಬ್ರೇಕರ್ ಒಳಗೊಳಗೇ ಸುಟ್ಟುಕೊಳ್ಳುತ್ತದೆ.

ಮುಖ್ಯ ಎಚ್ಚರಿಕೆ ಇನ್ನೊಂದಿದೆ. ವಿದ್ಯುತ್ ಬ್ರೇಕ್ ಇರುವ ಟ್ರೈಲರ್‌ಗಳಲ್ಲಿ ಬ್ರೇಕ್‌ಅವೇ ಸ್ವಿಚ್ ಇರುತ್ತದೆ. ದಾರಿಯಲ್ಲಿ ಟ್ರೈಲರ್ ಕಾರಿನಿಂದ ಕಳಚಿಕೊಂಡರೆ ಇದರ ಪಿನ್ ಎಳೆದು, ಟ್ರೈಲರ್‌ನ ಬ್ಯಾಟರಿಯಿಂದಲೇ ಬ್ರೇಕ್ ಹಿಡಿಯುತ್ತದೆ. ಇದರ ತಂತಿ ಮುಖ್ಯ ಸ್ವಿಚ್ಚಿನ ಬ್ಯಾಟರಿ ಕಡೆಗೇ, ಅದರದೇ ರಕ್ಷಣೆಯೊಂದಿಗೆ ಇರಬೇಕು. ಬ್ಯಾಟರಿಯ ಜಾಗ ಬದಲಿಸುವವರು ಈ ತಂತಿಯನ್ನು ಸ್ವಿಚ್ಚಿನ ಆಚೆಗೆ ಸೇರಿಸಿಬಿಡುತ್ತಾರೆ. ಆಮೇಲೆ ಸ್ವಿಚ್ ಆಫ್ ಮಾಡಿ ಹೊರಟ ದಿನ ತುರ್ತು ಬ್ರೇಕೇ ಇರುವುದಿಲ್ಲ.

7. ಚಾರ್ಜ್ ಆಗುವ ದಾರಿಗಳು

ಸೋಲಾರ್: ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಬೇಕು, ಅದು ಬ್ಯಾಟರಿಗೆ ಹತ್ತಿರವಿರಲಿ. ಹೆಚ್ಚಿನ ಕಂಟ್ರೋಲರ್‌ಗಳಿಗೆ ಮೊದಲು ಬ್ಯಾಟರಿ ಜೋಡಿಸಬೇಕು, ನಂತರ ಪ್ಯಾನೆಲ್. ಬಿಚ್ಚುವಾಗ ತಿರುಗುಮುರುಗು. ಚಳಿಯಲ್ಲಿ ಪ್ಯಾನೆಲ್ಲಿನ ವೋಲ್ಟೇಜ್ ಏರುತ್ತದೆ, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಸಾಲಾಗಿ ಜೋಡಿಸುವಾಗ ಕಂಟ್ರೋಲರ್‌ನ ಮಿತಿಗಿಂತ ಸಾಕಷ್ಟು ಕೆಳಗಿರಿ.

ಎಳೆಯುವ ಕಾರು: ದೀಪದ ಪ್ಲಗ್ಗಿನಲ್ಲಿ ಬರುವ ಚಾರ್ಜ್ ತಂತಿ ತೆಳು, ಅದರಿಂದ ಹೆಚ್ಚು ಸಿಗದು. ಬೇಕೆಂದರೆ ಕಾರಿನ ಕರೆಂಟನ್ನು ಟ್ರೈಲರ್ ಬ್ಯಾಟರಿಗೆ ತಕ್ಕ ವೋಲ್ಟೇಜಿಗೆ ತರುವ ಡಿಸಿ-ಡಿಸಿ ಚಾರ್ಜರ್ ಹಾಕಿ ಅದಕ್ಕೆ ದಪ್ಪ ತಂತಿ ಬೇರೆ ಎಳೆಯಿರಿ, ಫ್ಯೂಸ್ ಎರಡೂ ತುದಿಯಲ್ಲಿ. ಲಿಥಿಯಂ ಬ್ಯಾಟರಿಯನ್ನು ಕಾರಿನ ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ಗೆ ದಪ್ಪ ತಂತಿಯಲ್ಲಿ ನೇರ ಜೋಡಿಸಬೇಡಿ. ಅದು ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನೇ ಕಾಯಿಸಿ ಕೆಡಿಸಬಹುದು.

ಹೊರಗಿನ ಕರೆಂಟ್: ಟ್ರೈಲರ್‌ನೊಂದಿಗೆ ಬಂದ, ಹೊರಗಿನ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿ ತುಂಬುವ ಹಳೆಯ ಕನ್ವರ್ಟರ್ 13.6 ವೋಲ್ಟ್ ಸುಮಾರಿಗೆ ನಿಲ್ಲುವಂಥದ್ದಾದರೆ ಲಿಥಿಯಂ ಪೂರ್ತಿ ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ತಯಾರಕರು ಹೇಳಿದ ವೋಲ್ಟೇಜ್, ಸಾಮಾನ್ಯವಾಗಿ 14.2ರಿಂದ 14.6, ಕೊಡುವ ಚಾರ್ಜರ್ ಬೇಕು.

ಹೊರಗಿನ 120 ಅಥವಾ 230 ವೋಲ್ಟಿನ ವೈರಿಂಗ್ ಪ್ರಾಣಕ್ಕೆ ಸಂಬಂಧಿಸಿದ್ದು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. ಟ್ರೈಲರ್‌ನ ಲೋಹದ ಮೈಗೆ ಅರ್ತಿಂಗ್ ಸರಿಯಿದೆಯೇ, ಕರೆಂಟ್ ಸೋರಿದರೆ ಕಡಿಯುವ ಸಾಧನ ಕೆಲಸ ಮಾಡುತ್ತದೆಯೇ ಎಂದು ಅವರಿಂದ ಪರೀಕ್ಷಿಸಿ ತೋರಿಸಿಕೊಳ್ಳಿ. ಎಸಿ, ಡಿಸಿ ತಂತಿಗಳು ಒಂದೇ ಕೊಳವೆಯಲ್ಲಿ ಹೋಗಬಾರದು. ಬಣ್ಣವನ್ನೂ ನಂಬಬೇಡಿ: ಅಮೆರಿಕದ ಹಲವು ಟ್ರೈಲರ್‌ಗಳಲ್ಲಿ 12 ವೋಲ್ಟಿನ ಪ್ಲಸ್ ಕಪ್ಪು, ಮೈನಸ್ ಬಿಳಿ. ಅಲ್ಲಿಯ ಎಸಿ ವೈರಿಂಗ್‌ನಲ್ಲೂ ಕಪ್ಪು-ಬಿಳಿಯೇ. ಮುಟ್ಟುವ ಮೊದಲು ಮೀಟರ್ ಇಟ್ಟು ನೋಡಿ.

8. ತಂತಿ ಎಳೆದು ಜೋಡಿಸುವುದು

ಲಗ್ ಒತ್ತಲು ಸುತ್ತಿಗೆ, ಇಕ್ಕಳ ಬೇಡ. ಸರಿಯಾದ ಅಚ್ಚಿರುವ ಉಪಕರಣದಿಂದ ಒತ್ತಿ, ಗಟ್ಟಿಯಾಗಿ ಎಳೆದು ನೋಡಿ, ಅಂಟಿರುವ ಹೀಟ್‌ಶ್ರಿಂಕ್ ಹಾಕಿ. ಬರೀ ಬೆಸುಗೆಯ ಮೇಲೆ ನಿಂತ ಜೋಡಣೆ ನೆಚ್ಚಬೇಡಿ. ಬೆಸುಗೆ ಮುಗಿಯುವ ಕಡೆ ಎಳೆಗಳು ಬಿರುಸಾಗಿ, ಅದುರಿ ಅದುರಿ ಅಲ್ಲೇ ತುಂಡಾಗುತ್ತವೆ. ಲೋಹದ ಅಥವಾ ಮರದ ತೂತಿನಲ್ಲಿ ತಂತಿ ಹಾಯುವ ಕಡೆಯೆಲ್ಲ ರಬ್ಬರ್ ಬಳೆ ಹಾಕಿ, ಅರ್ಧ ಮೀಟರ್‌ಗೊಂದು ಕ್ಲಿಪ್ ಹೊಡೆಯಿರಿ. ಟರ್ಮಿನಲ್ ಬೋಲ್ಟಿನಲ್ಲಿ ತಂತಿಯ ಲಗ್ ಬ್ಯಾಟರಿಯ ಮೈಗೇ ತಾಗಿ ಕೂರಬೇಕು, ವಾಷರ್ ಲಗ್ಗಿನ ಮೇಲೆ. ವಾಷರ್ ಕೆಳಗೆ ಸಿಕ್ಕಿಕೊಂಡರೆ ಕರೆಂಟೆಲ್ಲ ಅದರ ಮೂಲಕ ಹರಿದು ಆ ಜಾಗ ಸುಡುತ್ತದೆ. ತಯಾರಕರು ಹೇಳಿದಷ್ಟೇ ಬಿಗಿ ಮಾಡಿ.

9. ಚಾಲೂ ಮಾಡುವ ಕ್ರಮ

ಎಲ್ಲ ಫ್ಯೂಸ್ ಹೊರಗೆ, ಮುಖ್ಯ ಸ್ವಿಚ್ ಆಫ್. ಬ್ಯಾಟರಿ ಜೋಡಿಸುವ ಮೊದಲೇ ಪ್ಲಸ್ ಮತ್ತು ಮೈನಸ್ ಬಸ್‌ಬಾರ್ ನಡುವೆ ಮೀಟರ್ ಇಟ್ಟು ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬ್ಯಾಟರಿಗೆ ಮೊದಲು ಪ್ಲಸ್, ಕೊನೆಗೆ ಮೈನಸ್. ಬಿಚ್ಚುವಾಗ ಮೊದಲು ಮೈನಸ್. ನಂತರ ಮುಖ್ಯ ಫ್ಯೂಸ್ ಕೂರಿಸಿ, ಸ್ವಿಚ್ ಆನ್ ಮಾಡಿ, ಉಳಿದ ಫ್ಯೂಸ್‌ಗಳನ್ನು ಒಂದೊಂದಾಗಿ ಹಾಕುತ್ತ ಆಯಾ ಸಾಧನ ಓಡಿಸಿ ನೋಡಿ. ದೊಡ್ಡ ಇನ್ವರ್ಟರ್ ಮೊದಲ ಸಲ ತಾಗುವಾಗ ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವುದರಿಂದ ಚಟ್ಟೆಂದು ಕಿಡಿ ಹಾರಬಹುದು. ಅನಿಲ ಬಿಡುವ ಬ್ಯಾಟರಿ ಹತ್ತಿರವಿದ್ದರೆ ಇದು ತಮಾಷೆಯ ಮಾತಲ್ಲ. ತಯಾರಕರು ಒಪ್ಪಿದರೆ ರೆಸಿಸ್ಟರ್ ಮೂಲಕ ಮೊದಲು ತುಂಬಿಸಿ ಆಮೇಲೆ ಜೋಡಿಸಿ.

ಈಗ ಭಾರ ಹಾಕಿ ಪರೀಕ್ಷಿಸಿ. ಇನ್ವರ್ಟರ್‌ನಲ್ಲಿ ದೊಡ್ಡ ಸಾಧನವೊಂದನ್ನು 15 ನಿಮಿಷ ಓಡಿಸಿ, ಬ್ಯಾಟರಿಯ ಬಳಿಯ ವೋಲ್ಟೇಜನ್ನೂ ಇನ್ವರ್ಟರ್ ಬಳಿಯದನ್ನೂ ಅಳೆದು ವ್ಯತ್ಯಾಸ ಬರೆದುಕೊಳ್ಳಿ. ಲೆಕ್ಕಕ್ಕಿಂತ ಹೆಚ್ಚಿದ್ದರೆ ಎಲ್ಲೋ ಲಗ್ ಸಡಿಲವಿದೆ. ಸ್ವಿಚ್ ಆಫ್ ಮಾಡಿ ಕೂಡಲೇ ಜೋಡಣೆಗಳನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿರುವ ಕಡೆಯೇ ತಪ್ಪಿದೆ. ಬ್ರೇಕ್‌ಅವೇ ಪಿನ್ ಎಳೆದು ಚಕ್ರ ಹಿಡಿಯುತ್ತದೆಯೇ ನೋಡಿ ತಕ್ಷಣ ವಾಪಸು ಹಾಕಿ, ಮುಖ್ಯ ಸ್ವಿಚ್ ಆಫ್ ಇಟ್ಟುಕೊಂಡೇ.

ಸಾಮಾನು, ನೀರು ಎಲ್ಲ ತುಂಬಿದ ಮೇಲೆ ಕೊಂಡಿಯ ಭಾರವನ್ನು ತೂಕದ ಯಂತ್ರದ ಮೇಲೆ ಅಳೆಯಿರಿ, ಮೂರನೇ ಹಂತದ ಅಂದಾಜಿನೊಂದಿಗೆ ಹೋಲಿಸಿ. ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಚೀಟಿ ಅಂಟಿಸಿ, ನಕ್ಷೆಯ ಒಂದು ಪ್ರತಿಯನ್ನು ಫ್ಯೂಸ್ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಹಚ್ಚಿ. ಮೊದಲ 200 ಕಿಲೊಮೀಟರ್ ಓಡಿದ ನಂತರ ಬ್ಯಾಟರಿಯ ಪಟ್ಟಿ, ಟರ್ಮಿನಲ್, ಬಸ್‌ಬಾರ್‌ನ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ.